ಮನೆಯ ಬಳಿಯ ಹಾವುಗಳು: ಇಸಳೂರು ಸೀಮೆಯಲ್ಲಿ ಅವುಗಳನ್ನು ಗುರುತಿಸುವ ಕ್ರಮ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ, ಅದರಲ್ಲಿಯೂ ಶಿರಸಿ ತಾಲ್ಲೂಕಿನ ಇಸಳೂರಿನಂತೆ ತೋಟ, ಗದ್ದೆ, ಬೆಟ್ಟಗಳು ಒಂದನ್ನೊಂದು ತಾಗಿಕೊಂಡಿರುವ ಊರುಗಳಲ್ಲಿ, ಅಂಗಳ, ಕೊಟ್ಟಿಗೆ, ಬಚ್ಚಲು, ಮಾಡಿನ ಸಂದು ಮೊದಲಾದೆಡೆಗಳಲ್ಲಿ ಕಾಣಿಸಿಕೊಳ್ಳುವ ಹಾವುಗಳನ್ನು ಹಿಡಿಯದೆ, ಕೊಲ್ಲದೆ, ತಕ್ಕ ಅಂತರದಿಂದಲೇ ನೋಡಿ ಇಂಥದೆಂದು ನಿರ್ಣಯಿಸುವ ಕ್ರಮವು ಈ ಲೇಖನದ ವಿಷಯ. ಭಾರತದಲ್ಲಿ ಮುನ್ನೂರಕ್ಕೂ ಮಿಕ್ಕಿದ, ಪಶ್ಚಿಮಘಟ್ಟಗಳಲ್ಲಿಯೇ ನೂರಕ್ಕೂ ಮಿಕ್ಕಿದ ಸರ್ಪಜಾತಿಗಳು ಇರುವುವಾದರೂ, ಮನೆಯ ಆವರಣದೊಳಗೆ ಪದೇ ಪದೇ ಬರತಕ್ಕವು ಹದಿನೈದು ಇಪ್ಪತ್ತನ್ನು ಮೀರುವುದಿಲ್ಲ. ಅವುಗಳಲ್ಲಿ ಮನುಷ್ಯನ ಪ್ರಾಣಕ್ಕೆ ಎರವಾಗಬಲ್ಲವು ಬೆರಳೆಣಿಕೆಯವು ಮಾತ್ರ. ಆದುದರಿಂದ ಗೃಹಸ್ಥನು ಸಮಸ್ತ ಸರ್ಪಶಾಸ್ತ್ರವನ್ನು ಬಲ್ಲವನಾಗಬೇಕಾಗಿಲ್ಲ. ಆ ಕೆಲವನ್ನೂ, ಅವನ್ನು ಹೋಲುವ ನಿರುಪದ್ರವಿಗಳನ್ನೂ ಬೇರ್ಪಡಿಸಿ ನೋಡುವ ಕಣ್ಣೊಂದಿದ್ದರೆ ಸಾಕು.

ಈ ಸೀಮೆಯಲ್ಲಿ ಹಾವು ಮನೆಯನ್ನು ಸಮೀಪಿಸುವುದಕ್ಕೆ ಕಾರಣವು ಇಲ್ಲಿಯ ಕೃಷಿಪದ್ಧತಿಯಲ್ಲಿಯೇ ಅಡಗಿದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಬೀಳುವ ಈ ನೆಲದಲ್ಲಿ ಅಡಿಕೆತೋಟದ ಒಂದೊಂದು ಎಕರೆಗೂ 9 ಎಕರೆಗಳ ವರೆಗೆ ಸೊಪ್ಪಿನ ಬೆಟ್ಟವನ್ನು ಬಳಸಿಕೊಳ್ಳುವ ಹಕ್ಕು ಬ್ರಿಟಿಷರ ಆಳಿಕೆಯ ಕಾಲದಿಂದ ಬೆಳೆಗಾರರಿಗೆ ಇರುವುದರಿಂದ, ಕಾಡಿನ ಸೊಪ್ಪು, ಬೇಸಗೆಯಲ್ಲಿ ಗುಡಿಸಿ ತಂದ ದರಕು ಎಂಬ ಒಣಗಿದ ಎಲೆ, ಬೇಣವೆಂಬ ಹುಲ್ಲುಗಾವಲಿನಲ್ಲಿ ಕೊಯ್ದ ಕರಡದ ಹುಲ್ಲು, ಇವೆಲ್ಲವೂ ವರ್ಷವರ್ಷವೂ ಮನೆಯಂಗಳಕ್ಕೆ ಬಂದು ಕೊಟ್ಟಿಗೆಯಲ್ಲಿಯೂ ಗೊಬ್ಬರಗುಂಡಿಯಲ್ಲಿಯೂ ರಾಶಿಬೀಳುವುವು; ಅಂದರೆ ಹಾವಿನ ವಾಸಸ್ಥಾನದ ಒಂದು ಅಂಶವನ್ನು ನಾವೇ ಹೊತ್ತು ತಂದು ಬಾಗಿಲ ಬಳಿ ಇರಿಸಿಕೊಂಡಂತಾಯಿತು. ಅಟ್ಟದ ಭತ್ತಕ್ಕೂ ಕೊಟ್ಟಿಗೆಯ ಹಿಂಡಿಗೂ ಇಲಿ ಬರುವುದು, ಇಲಿಗಾಗಿ ನಾಗರವೂ ಕೇರೆಯೂ ಬರುವುವು. ತೋಟದ ಬಸಿಗಾಲುವೆಯಲ್ಲಿ ಕಪ್ಪೆ ಇರುವುದು, ಅದಕ್ಕಾಗಿ ಒಳ್ಳೆಹಾವು ಬರುವುದು. ಹೆಂಚಿನ ಸಂದಿಯ ಹಲ್ಲಿಗಾಗಿ ತೋಳಹಾವು ಗೋಡೆಯನ್ನೇರುವುದು. ಆ ಸಣ್ಣ ಹಾವುಗಳನ್ನು ಹುಡುಕಿಕೊಂಡು ಕಟ್ಟುಹಾವೂ ಕಾಳಿಂಗವೂ ಬರುವುವು. ಮುಂಗಾರು ಕಾಲೂರಿ ನೆಲದ ಬಿಲಗಳಲ್ಲಿ ನೀರು ತುಂಬಿದಾಗ ಈ ಸಂಚಾರವು ಮತ್ತಷ್ಟು ಹೆಚ್ಚುತ್ತದೆ. ಶಿರಸಿಯಿಂದ ಪೂರ್ವಕ್ಕೆ ಬನವಾಸಿಯ ಕಡೆಗೂ ಈಶಾನ್ಯಕ್ಕೆ ಮುಂಡಗೋಡದ ಕಡೆಗೂ ಸರಿದಂತೆ ಮಳೆ ಇಳಿದು ಬಯಲುಸೀಮೆಯ ಲಕ್ಷಣ ತಲೆದೋರುವುದು. ಪಶ್ಚಿಮದ ಘಟ್ಟದಂಚಿಗೆ ಹೋದಂತೆ ನಿತ್ಯಹರಿದ್ವರ್ಣದ ಕಾಡು ದಟ್ಟವಾಗುವುದು. ಶಿರಸಿಯ ಸುತ್ತಿನ ಊರುಗಳಿಗೆ ಎರಡೂ ಕಡೆಯ ಹಾವುಗಳ ಪರಿಚಯ ಬೇಕಾಗಿರುವುದು ಈ ಕಾರಣದಿಂದ.

ಹಾವುಗಳನ್ನು ವಿಂಗಡಿಸುವ ಪ್ರಯತ್ನವು ನಮ್ಮಲ್ಲಿ ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ 80 ಬಗೆಯ ಸರ್ಪಗಳನ್ನು ದರ್ವೀಕರ, ಮಂಡಲಿ, ರಾಜಿಮಂತ, ನಿರ್ವಿಷ, ವೈಕರಂಜ ಎಂದು ಐದು ವರ್ಗಗಳಲ್ಲಿ ಇಡಲಾಗಿದೆ. ಹೆಡೆಯುಳ್ಳದ್ದು, ಮೈಮೇಲೆ ಮಂಡಲಾಕಾರದ ಮಚ್ಚೆಗಳುಳ್ಳದ್ದು, ಗೆರೆಗಳುಳ್ಳದ್ದು ಎಂಬ ಮೊದಲ ಮೂರು ಭೇದಗಳು ಇಂದಿನ ನಾಗರ, ಮಂಡಲ, ಕಟ್ಟುಹಾವುಗಳ ವಿಭಾಗಕ್ಕೆ ಬಹಳಮಟ್ಟಿಗೆ ಹೊಂದಿಕೊಳ್ಳುವುದನ್ನು ನೋಡಿದರೆ, ದೂರದಿಂದ ಕಾಣುವ ಲಕ್ಷಣಗಳನ್ನೇ ಆಧಾರವಾಗಿಟ್ಟುಕೊಂಡ ಆ ಪ್ರಾಚೀನರ ವಿವೇಕವು ಮೆಚ್ಚತಕ್ಕದ್ದೆಂದು ತೋರುತ್ತದೆ. ಕನ್ನಡದಲ್ಲಿ 14ನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯಗ್ರಂಥವನ್ನು ರಚಿಸಿದನು. ಪಾಶ್ಚಾತ್ಯ ಕ್ರಮದ ಅಧ್ಯಯನವು ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ವೈದ್ಯ ಪ್ಯಾಟ್ರಿಕ್ ರಸೆಲ್ಲನು ಕೋರಮಂಡಲ ತೀರದ ಸರ್ಪಗಳನ್ನು ಕುರಿತು 1796ರಲ್ಲಿ ಹೊರತಂದ ಸಚಿತ್ರ ಸಂಪುಟದಿಂದ ಮೊದಲಾಯಿತೆನ್ನಬಹುದು. ನಮ್ಮ ಕೊಳಕುಮಂಡಲಕ್ಕೆ ವಿಜ್ಞಾನದಲ್ಲಿ ಇಂದಿಗೂ ಅವನ ಹೆಸರೇ ಅಂಟಿಕೊಂಡಿದೆ. 1862ರಿಂದ 1956ರ ತನಕ ಉತ್ತರ ಕನ್ನಡವು ಮುಂಬಯಿಯ ಆಡಳಿತಕ್ಕೆ ಸೇರಿದ್ದುದರಿಂದ, 1883ರಲ್ಲಿ ಸ್ಥಾಪಿತವಾದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅನ್ವೇಷಣೆಗೆ ಈ ಜಿಲ್ಲೆಯ ಕಾಡುಗಳು ಸಹಜವಾಗಿಯೇ ಒಳಪಟ್ಟವು. ಆ ಸಂಸ್ಥೆಯ ಮೂಲಕ ಪ್ರಕಟವಾದ ಫ್ರಾಂಕ್ ವಾಲ್ ಎಂಬ ಸೇನಾವೈದ್ಯನ ಕೈಪಿಡಿಯು ವಿಷದ ಹಾವನ್ನು ಹುರುಪೆಗಳಿಂದಲೇ ಗುರುತಿಸುವ ಸೂತ್ರಗಳನ್ನು ಕೊಟ್ಟಿತು: ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಗುಳಿಯಿದ್ದರೆ ಗುಳಿಮಂಡಲ, ಮೇಲ್ದುಟಿಯ ಮೂರನೆಯ ಹುರುಪೆ ಕಣ್ಣನ್ನೂ ಮೂಗಿನ ಹುರುಪೆಯನ್ನೂ ಮುಟ್ಟಿದ್ದರೆ ನಾಗರ ಅಥವಾ ಹವಳದ ಹಾವು, ಬೆನ್ನುಹುರಿಯ ಮೇಲಣ ಹುರುಪೆಗಳು ಷಟ್ಕೋನವಾಗಿ ದೊಡ್ಡದಾಗಿದ್ದರೆ ಕಟ್ಟುಹಾವು. ಸೂತ್ರಗಳು ನಿರ್ದುಷ್ಟವಾದುವು; ಆದರೆ ಅವನ್ನು ಅನ್ವಯಿಸಬೇಕಾದರೆ ಹಾವು ಸತ್ತಿರಬೇಕು, ಇಲ್ಲವೆ ಸೀಸೆಯಲ್ಲಿರಬೇಕು. ಬಚ್ಚಲ ಮೂಲೆಯಲ್ಲಿ ಸುತ್ತಿಕೊಂಡು ಕುಳಿತಿರುವ ಜೀವಂತ ಹಾವಿನ ಮೇಲ್ದುಟಿಯ ಹುರುಪೆಗಳನ್ನು ಎಣಿಸಹೊರಟವನಿಗೆ ಅದರ ಜಾತಿಯು ಬೇರೆ ರೀತಿಯಲ್ಲಿ ತಿಳಿದುಬಂದೀತು.

ಲೋಕದಲ್ಲಿ ಬಳಕೆಯಲ್ಲಿರುವ ಸುಲಭಸೂತ್ರಗಳಾದರೋ ನಂಬತಕ್ಕವಲ್ಲ. ತ್ರಿಕೋನಾಕಾರದ ತಲೆಯುಳ್ಳದ್ದು ವಿಷದ ಹಾವು ಎಂಬುದು ಇವುಗಳಲ್ಲಿ ಅತ್ಯಂತ ಪ್ರಚುರವೂ ಅತ್ಯಂತ ಅಪಾಯಕಾರಿಯೂ ಆದುದು. ಏಕೆಂದರೆ ಈ ಲಕ್ಷಣವು ಮಂಡಲಗಳಿಗೆ ಒಪ್ಪುವುದೇ ಹೊರತು ನಾಗರಕ್ಕೂ ಕಟ್ಟುಹಾವಿಗೂ ಕಾಳಿಂಗಕ್ಕೂ ಒಪ್ಪದು. ಕಟ್ಟುಹಾವಿನ ತಲೆಯು ಕುತ್ತಿಗೆಯಿಂದ ಬೇರೆಯೆಂದು ತೋರುವುದೇ ಕಷ್ಟ. ಅತ್ತ ನಿರುಪದ್ರವಿಯಾದ ಬೆಕ್ಕುಹಾವಿನ ತಲೆಯು ತ್ರಿಕೋನವಾಗಿಯೇ ಇದೆ, ನೀರೊಳ್ಳೆಯು ಬೆದರಿದಾಗ ತಲೆಯನ್ನು ಚಪ್ಪಟೆಮಾಡಿ ತ್ರಿಕೋನವಾಗಿಸುತ್ತದೆ. ಕಣ್ಣಿನ ಪಾಪೆ ಲಂಬವಾಗಿದ್ದರೆ ವಿಷ, ದುಂಡಗಿದ್ದರೆ ನಿರ್ವಿಷ ಎಂಬ ಮಾತಿಗೂ ಇದೇ ಗತಿ. ಕಚ್ಚಿದ ಗಾಯದಲ್ಲಿ ಎರಡು ಚುಕ್ಕೆ ಕಂಡರೆ ಮಾತ್ರ ಭಯಪಡಬೇಕೆಂಬ ಮಾತು ಇನ್ನೂ ಕೇಡಿನದು. ಕಟ್ಟುಹಾವಿನ ಕಡಿತದಲ್ಲಿ ಗುರುತೇ ಕಾಣದೆ ಹೋಗುವುದುಂಟು. ಇಂತಹ ಸೂತ್ರಗಳನ್ನು ಮಕ್ಕಳಿಗೆ ಕಲಿಸದಿರುವುದೇ ಲೇಸು.

ಹಾಗಾದರೆ ನೋಡುವವನು ಏನನ್ನು ನೋಡಬೇಕು? ಮೊದಲಿಗೆ ಹಾವಿನ ಮೈಬಣ್ಣವನ್ನು ಬಿಟ್ಟು ಅದು ಇದ್ದ ಸ್ಥಳ, ಕಂಡ ಹೊತ್ತು, ಸರಿಯುವ ರೀತಿ, ಬೆದರಿದಾಗ ತೋರುವ ವರ್ತನೆ, ಈ ನಾಲ್ಕನ್ನು ಗಮನಿಸಬೇಕು. ಒಂದೇ ಜಾತಿಯಲ್ಲಿ ಬಣ್ಣವು ಊರಿಂದೂರಿಗೆ, ಮರಿಯಿಂದ ದೊಡ್ಡದಕ್ಕೆ, ಪೊರೆ ಬಿಡುವ ಮುನ್ನ ಮತ್ತು ಬಿಟ್ಟ ತರುವಾಯ ವ್ಯತ್ಯಾಸಗೊಳ್ಳುವುದು. ಆದರೆ ಹಗಲು ಹನ್ನೊಂದು ಗಂಟೆಗೆ ಅಂಗಳವನ್ನು ಬಾಣದಂತೆ ದಾಟಿಹೋದ ಉದ್ದನೆಯ ಹಾವು ಕಟ್ಟುಹಾವಾಗಿರುವ ಸಂಭವ ತೀರ ಕಡಿಮೆ, ರಾತ್ರಿ ಜಗಲಿಯ ಮೇಲೆ ನಿಧಾನವಾಗಿ ಹರಿದ ಹೊಳೆಯುವ ಕಪ್ಪುಹಾವು ಕೇರೆಯಾಗಿರುವ ಸಂಭವವೂ ಅಷ್ಟೇ ಕಡಿಮೆ. ಇಷ್ಟನ್ನು ನಿಶ್ಚಯಿಸಿಕೊಂಡ ಮೇಲೆ ಬಾಲದ ಉದ್ದ, ಮೈಯ ಹೊಳಪು, ಪಟ್ಟೆಗಳ ವಿನ್ಯಾಸ ಇವುಗಳ ಕಡೆಗೆ ದೃಷ್ಟಿಯನ್ನು ಹೊರಳಿಸಬಹುದು.

ಮನೆಯೊಳಗೆ ಕಾಣುವ ಹಾವುಗಳಲ್ಲಿ ಅತ್ಯಂತ ಎಚ್ಚರಿಕೆಯಿಂದ ನಿರ್ಣಯಿಸಬೇಕಾದುದು ಕಟ್ಟುಹಾವು. ಇದಕ್ಕೆ ಕಡಂಬಳವೆಂದೂ ಹೆಸರುಂಟು. ಸಾಮಾನ್ಯವಾಗಿ ಒಂದು ಮೀಟರಿನಷ್ಟು ಉದ್ದವಿದ್ದು, ನೀಲಿಛಾಯೆಯ ಕಪ್ಪು ಮೈಯ ಮೇಲೆ ತೆಳ್ಳನೆಯ ಬಿಳಿಯ ಪಟ್ಟೆಗಳು ಹಲವು ವೇಳೆ ಎರಡೆರಡಾಗಿ ಜೊತೆಗೂಡಿರುವುವು. ದೊಡ್ಡ ಹಾವಿನಲ್ಲಿ ಈ ಪಟ್ಟೆಗಳು ಕುತ್ತಿಗೆಯ ಕಡೆಗೆ ಮಸುಕಾಗಿ ಅಥವಾ ಚುಕ್ಕೆಗಳಾಗಿ ಒಡೆದು, ಬಾಲದ ಕಡೆಗೆ ಸ್ಪಷ್ಟವಾಗುವುವು. ಹಗಲಲ್ಲಿ ಕಲ್ಲುಕಟ್ಟೆಯ ಸಂದಿಯಲ್ಲಿಯೋ ಇಲಿಬಿಲದಲ್ಲಿಯೋ ಮುದುಡಿ, ತಲೆಯನ್ನು ಸುರುಳಿಯ ಅಡಿಗೆ ಹುದುಗಿಸಿ ಮಲಗಿರುವ ಈ ಹಾವು ರಾತ್ರಿಯಲ್ಲಿ ಚುರುಕುಗೊಂಡು, ನೆಲದ ಮೇಲೆ ಹಾಸಿಗೆ ಹಾಸಿ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುವುದುಂಟು; ನೋವಾಗಲಿ ಬಾವಾಗಲಿ ಹೆಚ್ಚಾಗಿ ಇಲ್ಲದಿರುವುದರಿಂದ ಕಚ್ಚಿಸಿಕೊಂಡವನು ಮತ್ತೆ ನಿದ್ರಿಸಿ, ಬೆಳಗಿನ ಜಾವದಲ್ಲಿ ಹೊಟ್ಟೆನೋವಿನಿಂದೆದ್ದು, ರೆಪ್ಪೆಗಳು ಜೋಲುಬಿದ್ದು ಉಸಿರಾಟ ಕುಗ್ಗುವ ಹೊತ್ತಿಗೆ ಮಾತ್ರ ಮನೆಯವರಿಗೆ ಸಂಶಯ ಹುಟ್ಟುವುದು. ಇದನ್ನು ಹೋಲುವ ತೋಳಹಾವಾದರೋ ವಿಷರಹಿತವಾದುದು. ಅದರ ಉದ್ದ ಸಾಮಾನ್ಯವಾಗಿ ಅರ್ಧ ಮೀಟರಿನ ಆಸುಪಾಸು, ಬಣ್ಣ ಕಂದು, ಪಟ್ಟೆಗಳು ಅಗಲವಾಗಿ, ಕುತ್ತಿಗೆಯ ಬಳಿ ಬಿಳಿಯ ಕೊರಳಪಟ್ಟಿಯಿಂದಲೇ ಆರಂಭವಾಗಿ, ಬಾಲದ ಕಡೆಗೆ ಹೋದಂತೆ ಕ್ರಮೇಣ ಅಳಿಸಿಹೋಗುವುವು. ಮುಂಭಾಗದಲ್ಲಿ ಪಟ್ಟೆ ಸ್ಪಷ್ಟವಿದ್ದು ಹಿಂದೆ ಮಾಸಿದರೆ ತೋಳಹಾವು, ಹಿಂದೆ ಸ್ಪಷ್ಟವಿದ್ದು ಮುಂದೆ ಮಾಸಿದರೆ ಕಟ್ಟುಹಾವು ಎಂಬುದು ದೂರದಿಂದ ಪ್ರಯೋಗಿಸಬಹುದಾದ ಉತ್ತಮ ನಿಯಮ. ಆದರೆ ಕಟ್ಟುಹಾವಿನ ಮರಿಗಳಲ್ಲಿ ಪಟ್ಟೆಗಳು ಮುಂಭಾಗದಿಂದಲೇ ಕಾಣಿಸುವುದರಿಂದ ಮರಿಯ ವಿಷಯದಲ್ಲಿ ಈ ನಿಯಮವನ್ನು ನೆಚ್ಚಲಾಗದು. ನಯವಾದ ನೆಟ್ಟನೆಯ ಗೋಡೆಯನ್ನು ಹತ್ತಿ ಹಲ್ಲಿಯನ್ನು ಅಟ್ಟಿಸಿಕೊಂಡು ಹೋಗುವ ಸಾಮರ್ಥ್ಯವು ತೋಳಹಾವಿಗಿದೆ. ಸಂಶಯ ಉಳಿದರೆ ಕಟ್ಟುಹಾವೆಂದೇ ಎಣಿಸಿ ನಡೆಯತಕ್ಕದ್ದು. ಹಾಗೆಣಿಸುವುದೆಂದರೆ ದೂರ ಸರಿಯುವುದು, ಬಡಿಯುವುದಲ್ಲ.

ನಾಗರಹಾವನ್ನು ಅರಿಯದವರಿಲ್ಲವೆಂದು ಹೇಳುವುದು ವಾಡಿಕೆ. ನಿಜವಾಗಿ ಜನರು ಬಲ್ಲದ್ದು ನಾಗರಕಲ್ಲಿನ ಮೇಲೆ ಕೆತ್ತಿದ, ಹೆಡೆಬಿಚ್ಚಿದ ನಾಗರವನ್ನು. ಹೆಡೆಯನ್ನು ಬಿಚ್ಚದೆ ಸರಿದುಹೋಗುವ ನಾಗರವನ್ನು ಕೇರೆಯೆಂದೂ, ಕೇರೆಯನ್ನು ನಾಗರವೆಂದೂ ತಿಳಿಯುವುದು ನಿತ್ಯವೂ ನಡೆಯುತ್ತದೆ. ಕೇರೆಯು ಎರಡು ಮೀಟರಿಗೂ ಮೀರಿ ಬೆಳೆಯುವುದು. ಅದರ ಕಣ್ಣು ದೊಡ್ಡದು, ಕುತ್ತಿಗೆ ತಲೆಗಿಂತ ಸಣ್ಣದು, ತುಟಿಗಳ ಮೇಲೆ ಕಪ್ಪುಗೆರೆಗಳು ನಿಂತಿರುವುವು, ಬಾಲವು ಉದ್ದವಾಗಿ ಚಾವಟಿಯಂತೆ ತೆಳುವಾಗುತ್ತ ಹೋಗುವುದು. ಹಗಲಿನಲ್ಲಿಯೇ ಸಂಚರಿಸಿ ಮನುಷ್ಯನನ್ನು ಕಂಡೊಡನೆ ಅತಿ ವೇಗದಿಂದ ಪಲಾಯನಮಾಡುವುದು. ನಾಗರದ ಮೈಯುದ್ದ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್; ತಲೆಯೂ ಕುತ್ತಿಗೆಯೂ ಹೆಚ್ಚುಕಡಿಮೆ ಒಂದೇ ಅಗಲ, ಬಾಲ ಗಿಡ್ಡ, ಗಂಟಲ ಅಡಿಭಾಗದಲ್ಲಿ ಅಗಲವಾದ ಕಪ್ಪುಪಟ್ಟಿಗಳು, ನಡಿಗೆ ಸಾವಧಾನದ್ದು. ಬೆನ್ನಿನ ಬಣ್ಣ ಗೋಧಿಯದರಿಂದ ಕಪ್ಪಿನ ವರೆಗೆ ಏನಾದರೂ ಇರಬಹುದು. ನಾಗರವೂ ಕೇರೆಯೂ ಕೂಡುವುವೆಂಬ ನಂಬಿಕೆಗೆ ಆಧಾರವಿಲ್ಲ; ಬೇರೆ ಬೇರೆ ಜಾತಿಗಳಿಗೆ ಸೇರಿದ ಇವು ಕೂಡುವುದಿಲ್ಲ, ಮೇಲೆದ್ದು ಹೆಣೆದುಕೊಂಡಂತೆ ಕಾಣುವ ಜೋಡಿಯು ಹೆಚ್ಚಾಗಿ ಬಲಪರೀಕ್ಷೆ ನಡೆಸುತ್ತಿರುವ ಎರಡು ಗಂಡು ಕೇರೆಗಳು. ನೀರೊಳ್ಳೆಯೂ ಕತ್ತನ್ನು ಅಗಲಿಸಿ ಮುಂಭಾಗವನ್ನೆತ್ತಿ ನಿಂತು ಪುಟ್ಟ ನಾಗರವೆಂಬ ಭ್ರಾಂತಿಯನ್ನು ಹುಟ್ಟಿಸುವುದು. ಕಣ್ಣಿನ ಕೆಳಗಿಂದ ಓರೆಯಾಗಿ ಇಳಿಯುವ ಎರಡು ಕಪ್ಪುಗೆರೆಗಳೂ, ಮೈಮೇಲಿನ ಚದುರಂಗದ ಮನೆಗಳಂಥ ಗುರುತುಗಳೂ, ಸಮೀಪದಲ್ಲಿರುವ ನೀರೂ ಅದರ ಪರಿಚಯವನ್ನು ಹೇಳುವುವು.

ನಾಗರಕ್ಕೆ ದೈವತ್ವದ ರಕ್ಷೆಯುಂಟು. ಅದನ್ನು ಕೊಂದವನು ಸರ್ಪಸಂಸ್ಕಾರವನ್ನು ಮಾಡಿಸಬೇಕೆಂಬ ಭಯವೂ, ಶ್ರಾವಣದ ಪಂಚಮಿಯಂದು ಹಾಲೆರೆಯುವ ಭಕ್ತಿಯೂ ಈ ಸೀಮೆಯಲ್ಲಿ ಎಷ್ಟೋ ನಾಗರಗಳ ಪ್ರಾಣವನ್ನು ಉಳಿಸಿವೆ. ಹಾವು ಹಾಲನ್ನು ಕುಡಿಯುವ ಪ್ರಾಣಿಯಲ್ಲವೆಂಬುದು ಬೇರೆ ಮಾತು. ಈ ರಕ್ಷೆಯಿಲ್ಲದ ಉಳಿದ ಹಾವುಗಳು ದೊಣ್ಣೆಗೆ ಗುರಿಯಾಗುವುವು. ಅವುಗಳಲ್ಲಿ ಬಹುಭಾಗವು ಕಟ್ಟುಹಾವೆಂಬ ಹೆಸರಿನಲ್ಲಿ ಸಾಯುವ ತೋಳಹಾವು, ಮಂಡಲವೆಂಬ ಹೆಸರಿನಲ್ಲಿ ಸಾಯುವ ಹೆಬ್ಬಾವಿನ ಮರಿ.

ಕೊಳಕುಮಂಡಲವನ್ನು ಒಮ್ಮೆ ಸರಿಯಾಗಿ ನೋಡಿದವರು ಮರೆಯಲಾರರು. ದಪ್ಪನೆಯ ಒರಟು ಮೈ, ಕಂದು ನೆಲದ ಮೇಲೆ ಕಪ್ಪಂಚಿನ ಅಂಡಾಕಾರದ ಮಚ್ಚೆಗಳ ಮೂರು ಸಾಲು, ಅಗಲವಾದ ತಲೆ, ದೊಡ್ಡ ಮೂಗಿನ ಹೊಳ್ಳೆ, ಇವೆಲ್ಲಕ್ಕಿಂತ ಮಿಗಿಲಾಗಿ ಕಮ್ಮಾರನ ತಿದಿಯಿಂದ ಹೊರಡುವಂತಹ ದೀರ್ಘವಾದ ಬುಸುಗುಟ್ಟುವಿಕೆ, ಇವು ಅದರ ಲಕ್ಷಣಗಳು. ಇದು ಮೊಟ್ಟೆಯಿಡದೆ ಮರಿಹಾಕುವ ಹಾವು. ಒಂದು ಸೂಲಿನಲ್ಲಿ ಇಪ್ಪತ್ತು ನಲವತ್ತು ಮರಿಗಳು ಹುಟ್ಟುವುದು ಸಾಮಾನ್ಯ, ಮಳೆಗಾಲದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಆ ಮರಿಗಳಲ್ಲಿಯೂ ವಿಷವಿರುತ್ತದೆ. ಹೆಬ್ಬಾವಿನ ಮರಿಯನ್ನು ಇದರಿಂದ ಬೇರ್ಪಡಿಸುವುದು ಹೇಗೆಂದರೆ, ಹೆಬ್ಬಾವಿನ ಮಚ್ಚೆಗಳು ಆಕಾರದಲ್ಲಿಯೂ ಗಾತ್ರದಲ್ಲಿಯೂ ಒಂದರಂತೆ ಒಂದಿರುವುದಿಲ್ಲ, ಮೈ ನುಣುಪಾಗಿ ಹೊಳೆಯುವುದು, ತಲೆಯ ಮೇಲೆ ಭರ್ಚಿಯ ಮೊನೆಯಂಥ ಗುರುತಿರುವುದು. ಬಯಲಿನ ಕಡೆಯಲ್ಲಿ ಸಿಗುವ ಮಣ್ಣುಮುಕ್ಕವು ಗಿಡ್ಡನೆಯ ಮೊಂಡುಬಾಲದಿಂದಲೂ, ಕುತ್ತಿಗೆಯೇ ಇಲ್ಲದಂತಿರುವ ತಲೆಯಿಂದಲೂ ಗುರುತುಸಿಕ್ಕುತ್ತದೆ. ನಾಲ್ಕು ಪ್ರಮುಖ ವಿಷಸರ್ಪಗಳೊಳಗೆ ಎಣಿಸಲ್ಪಡುವ ಗರಗಸ ಮಂಡಲವು ಒಣಭೂಮಿಯ ಜೀವಿಯಾದುದರಿಂದ ಅಡಿಕೆಯ ಸೀಮೆಯಲ್ಲಿ ಅದರ ಭಯಕ್ಕೆ ಅವಕಾಶ ಕಡಿಮೆ.

ಅಡಿಕೆಯ ಸೀಮೆಯ ನಿಜವಾದ ಕಂಟಕವು ಬೇರೊಂದಿದೆ. ಅದು ಸಾಮಾನ್ಯವಾಗಿ ಎರಡು ಗೇಣನ್ನು ಮೀರದ, ಮೇಲಕ್ಕೆ ಮೊನೆಗೊಂಡ ಮೂತಿಯುಳ್ಳ, ಒಣಗಿದ ಎಲೆಯದೇ ಬಣ್ಣದ ಗೂನುಮೂಗಿನ ಗುಳಿಮಂಡಲ. ಹಗ್ಗವನ್ನು ಹಾವೆಂದು ಕಾಣುವ ವೇದಾಂತದ ದೃಷ್ಟಾಂತವು ಎಲ್ಲರಿಗೂ ಪರಿಚಿತ; ದರಕು ಗುಡಿಸುವವರಿಗೆ, ಹಾಳೆ ಎತ್ತುವವರಿಗೆ, ಉದುರಡಿಕೆ ಹೆಕ್ಕುವವರಿಗೆ ಒದಗುವ ಭ್ರಮೆ ಇದರ ವಿಪರ್ಯಯವಾದುದು, ಅವರು ಹಾವನ್ನು ಎಲೆಯೆಂದು ಕಾಣುತ್ತಾರೆ. ಈ ಹಾವು ಓಡುವುದಿಲ್ಲ, ಬುಸುಗುಟ್ಟುವುದಿಲ್ಲ. ತನ್ನ ಮರೆಯನ್ನೇ ನಂಬಿ ಅಲುಗದೆ ಬಿದ್ದಿರುವುದು, ಕೈ ತಾಗಿದರೆ ಕಚ್ಚುವುದು. ಇದರ ಕಡಿತದಿಂದ ಬಾವು, ನೋವು ಬರುವುದೇ ಹೊರತು ಹೆಚ್ಚಿನ ಕೇಡಿಲ್ಲವೆಂಬ ಭಾವನೆ ಬಹುಕಾಲ ಇತ್ತು. ಆದರೆ ರಕ್ತ ಹೆಪ್ಪುಗಟ್ಟದಿರುವುದು, ಮೂತ್ರಪಿಂಡಗಳು ಕೆಡುವುದು ಮೊದಲಾದ ಪ್ರಾಣಾಂತಿಕ ಪರಿಣಾಮಗಳನ್ನು ಕೇರಳದ ರೋಗಿಗಳಲ್ಲಿ ಖಚಿತಪಡಿಸಿದ ವರದಿಯು 2007ರಲ್ಲಿ ಪ್ರಕಟವಾದಂದಿನಿಂದ ವೈದ್ಯರ ಅಭಿಪ್ರಾಯ ಬದಲಾಗಿದೆ. ಭಾರತದಲ್ಲಿ ದೊರೆಯುವ ಪ್ರತಿವಿಷವು ಇದರ ಮೇಲೆ ಕೆಲಸ ಮಾಡುವುದಿಲ್ಲವಾದುದರಿಂದ, ಕಚ್ಚಿದ್ದು ಇದೇ ಎಂಬ ನಿರ್ಣಯವು ಚಿಕಿತ್ಸೆಗೆ ನೇರವಾಗಿ ಸಹಾಯಕವಾಗುವ ಅಪರೂಪದ ಪ್ರಸಂಗವಿದು. ಇದರ ಬಂಧುವಾದ ಮಲಬಾರ್ ಗುಳಿಮಂಡಲವು ಹಳ್ಳದ ಬದಿಯ ಪೊದೆಗಳಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಕಾಣುವುದು. ಹಸಿರು, ಕಂದು, ಹಳದಿ, ಕೆನ್ನೇರಳೆ ಹೀಗೆ ಒಂದೇ ತೋಟದಲ್ಲಿ ನಾಲ್ಕು ಬಣ್ಣದಲ್ಲಿ ಸಿಕ್ಕಬಹುದಾದ ಈ ಹಾವಿನ ಎದುರಿಗೆ ಬಣ್ಣದಿಂದ ಗುರುತಿಸುವ ಪದ್ಧತಿಯು ಸೋತುಹೋಗುವುದು.

ಕಾಳಿಂಗಸರ್ಪದ ವಿಷಯದಲ್ಲಿ ಗುರುತಿಸುವ ಕಷ್ಟವೇನೂ ಇಲ್ಲ. ಐದು ಮೀಟರಿಗೂ ಮೀರಿ ಬೆಳೆಯಬಲ್ಲ, ಕಂದು ಮೈಯ ಮೇಲೆ ನಸುಬಿಳಿಯ ಅಡ್ಡಪಟ್ಟಿಗಳುಳ್ಳ ಹಾವು ಬೇರೆ ಯಾವುದೂ ಇಲ್ಲ. ಪಶ್ಚಿಮಘಟ್ಟಗಳ ಕಾಳಿಂಗವು ಪ್ರತ್ಯೇಕವಾದೊಂದು ಜಾತಿಯೆಂದು 2024ರಲ್ಲಿ ನಿರ್ಣಯವಾಗಿ, ಕನ್ನಡದ ಈ ಹೆಸರೇ ಅದರ ಶಾಸ್ತ್ರೀಯ ನಾಮಧೇಯದಲ್ಲಿ ಸೇರಿತು. ಹಾವುಗಳನ್ನೇ ಆಹಾರವಾಗುಳ್ಳ ಇದು ಕೇರೆಯನ್ನೋ ನಾಗರವನ್ನೋ ಬೆನ್ನಟ್ಟಿಕೊಂಡು ಕಟ್ಟಿಗೆಯ ರಾಶಿಯೊಳಗೆ ನುಗ್ಗಿದಾಗ ಮನೆಮಂದಿಗೆ ಆಗುವ ಗಾಬರಿ ದೊಡ್ಡದಾದರೂ, ಮನುಷ್ಯನನ್ನು ಕಚ್ಚಿದ ಸಂದರ್ಭಗಳು ಅತಿ ವಿರಳ. ಬೇಸಗೆಯ ಕೊನೆಯಲ್ಲಿ ಹೆಣ್ಣು ತನ್ನ ಮೈಸುರುಳಿಯಿಂದ ದರಕನ್ನು ಎಳೆದು ಗುಡ್ಡೆಹಾಕಿ ಗೂಡು ಕಟ್ಟಿ ಮೊಟ್ಟೆಗಳನ್ನು ಕಾಯುವುದು; ಗೂಡು ಕಟ್ಟುವ ಹಾವು ಲೋಕದಲ್ಲಿ ಇದೊಂದೇ ಕುಲ. ಬೆಟ್ಟದಲ್ಲಿ ಅಂತಹ ಗುಡ್ಡೆ ಕಂಡರೆ ಆ ವರ್ಷ ಅಲ್ಲಿಯ ದರಕನ್ನು ಬಿಟ್ಟುಬಿಡುವುದು ಉಚಿತ. ಮರಿಗಳು ಕಪ್ಪುಮೈಯ ಮೇಲೆ ಹೊಳೆಯುವ ತಿಳಿಪಟ್ಟಿಗಳಿಂದ ಕೂಡಿರುವುದರಿಂದ ಕಟ್ಟುಹಾವೆಂದು ತಪ್ಪುಭಾವಿಸಲ್ಪಡುವುವು.

ಉಳಿದವುಗಳನ್ನು ಸಂಕ್ಷೇಪವಾಗಿ ಹೇಳಬಹುದು. ಬೇಲಿಯ ಮೇಲಿನ ಹಸಿರುಹಾವು ಮನುಷ್ಯನ ಕಣ್ಣನ್ನು ಕುಕ್ಕುವುದೆಂಬುದು ಸುಳ್ಳು. ಚೂಪಾದ ಮೂತಿ, ಅಡ್ಡಲಾಗಿ ಸೀಳಿದಂತಿರುವ ಕಣ್ಣಿನ ಪಾಪೆ ಅದರ ಗುರುತು, ಗುಳಿಮಂಡಲದ ದಪ್ಪಮೈ ಅದಕ್ಕಿಲ್ಲ. ನೆಲದ ಮೇಲೆಯೇ ಹರಿದಾಡುವ ದಪ್ಪನೆಯ ಹಸಿರುಹಾವು ಕಂಡರೆ ಅದು ಕಪ್ಪೆ ತಿನ್ನುವ ಹಸಿರು ಒಳ್ಳೆ ಇರಬಹುದು. ಹೂಕುಂಡದ ಮಣ್ಣಿನಲ್ಲಿ ಎರೆಹುಳುವಿನಂತೆ ಹೊಳೆಯುತ್ತ ಚುರುಕಾಗಿ ಹರಿದಾಡುವುದು ಹುಳುಹಾವು. ಕಿವಿಯನ್ನು ಹೊಗುವುದೆಂದು ಹೆಂಗಸರು ಮಕ್ಕಳು ಅಂಜುವ ಈ ಪಾಪದ ಜೀವಿಯ ಜಾತಿಯಲ್ಲಿ ಗಂಡೇ ಇಲ್ಲ, ಹೆಣ್ಣು ತಾನಾಗಿಯೇ ಮೊಟ್ಟೆಯಿಟ್ಟು ಸಂತತಿಯನ್ನು ಬೆಳೆಸುತ್ತದೆ. ಗೊಬ್ಬರಗುಂಡಿಯನ್ನು ಬಗೆಯುವಾಗ ಸಿಕ್ಕುವ, ತೇವದ ನುಣ್ಣನೆಯ ಚರ್ಮದ ಮೇಲೆ ಉಂಗುರದಂಥ ಗೀರುಗಳುಳ್ಳ ಪ್ರಾಣಿಯು ಹಾವೇ ಅಲ್ಲ. ಕಪ್ಪೆಯ ದಾಯಾದಿಯಾದ, ಕಾಲಿಲ್ಲದ ಉಭಯಚರವದು, ಮೈಮೇಲೆ ಹುರುಪೆ ಎದ್ದುಕಾಣದಿರುವುದೇ ಅದಕ್ಕೆ ಸಾಕ್ಷಿ. ಅದೇ ಗುಂಡಿಯಲ್ಲಿ ಬಾಲದ ತುದಿಯನ್ನು ಓರೆಯಾಗಿ ಕತ್ತರಿಸಿದಂತಿರುವ ಗುರಾಣಿಬಾಲದ ಹಾವೂ ಸಿಕ್ಕಬಹುದು, ಅದು ಅತ್ಯಂತ ಸಾಧು. ಹಾವುರಾಣಿಯು ನಾಲ್ಕು ಕಾಲಿನ ಹಲ್ಲಿಯ ಬಳಗ, ಅದಕ್ಕೆ ವಿಷವಿಲ್ಲ.

ಹಾವೇ ಕಾಣದೆ ಅದರ ಪೊರೆ ಮಾತ್ರ ಸಿಕ್ಕುವ ಸಂದರ್ಭಗಳು ಮಲೆನಾಡಿನ ಮನೆಗಳಲ್ಲಿ ಬಹಳ. ಮಾಡಿನ ಜಂತಿಯಲ್ಲಿ, ಕಲ್ಲುಕಟ್ಟೆಯಲ್ಲಿ, ಹುಲ್ಲುಬಣವೆಯಲ್ಲಿ ಅದು ಜೋತಾಡುತ್ತಿರುವುದು. ವಾಲ್ ಮೊದಲಾದ 20ನೆಯ ಶತಮಾನದ ಆದಿಯ ಪಂಡಿತರು ಕೊಟ್ಟ ಹುರುಪೆಯ ಸೂತ್ರಗಳು ನಿರಪಾಯವಾಗಿ ಪ್ರಯೋಜನಕ್ಕೆ ಬರುವುದು ಇಲ್ಲಿ, ಹಾಗೂ ನನ್ನ ಅಭಿಪ್ರಾಯದಲ್ಲಿ ಗೃಹಸ್ಥನು ಕಲಿಯಬೇಕಾದ ನಿಜವಾದ ಸರ್ಪವಿದ್ಯೆಯೂ ಇದೇ. ಪೊರೆಯನ್ನು ನೀರಿನಲ್ಲಿ ನೆನೆಯಿಸಿ ಬಿಡಿಸಿ, ಕಪ್ಪುಬಟ್ಟೆಯ ಮೇಲೆ ಹರಡಿ ಬೆಳಕಿಗೆ ಹಿಡಿದರೆ ಹುರುಪೆಗಳ ಅಚ್ಚು ಸ್ಪಷ್ಟವಾಗಿ ಕಾಣುವುದು; ಕಳಚುವಾಗ ಹಿಗ್ಗುವುದರಿಂದ ಪೊರೆಯು ಹಾವಿಗಿಂತ ಉದ್ದವಾಗಿರುತ್ತದೆ ಎಂಬುದನ್ನು ನೆನಪಿಡಬೇಕು. ಬೆನ್ನಿನ ನಟ್ಟನಡುವೆ ಅಕ್ಕಪಕ್ಕದವಕ್ಕಿಂತ ದೊಡ್ಡದಾದ ಷಟ್ಕೋನ ಹುರುಪೆಗಳ ಒಂದು ಸಾಲು ತಲೆಯಿಂದ ಬಾಲದ ವರೆಗೆ ಹೋಗಿದ್ದು, ಬಾಲದ ಅಡಿಯ ಹುರುಪೆಗಳು ಇಬ್ಭಾಗವಾಗದೆ ಒಂದೊಂದೇ ಆಗಿದ್ದು, ನಡುಮೈಯಲ್ಲಿ ಅಡ್ಡಲಾಗಿ ಎಣಿಸಿದರೆ 15 ಸಾಲುಗಳಾದರೆ ಮನೆಯಲ್ಲಿ ಕಟ್ಟುಹಾವು ವಾಸಿಸುತ್ತಿದೆಯೆಂದು ತಿಳಿಯತಕ್ಕದ್ದು. ತೋಳಹಾವಿನಲ್ಲಿ ಸಾಲುಗಳು 17, ಬೆನ್ನಿನ ನಡುವಣ ಸಾಲು ಉಳಿದವುಗಳಂತೆಯೇ ಇರುವುದು, ಬಾಲದಡಿಯ ಹುರುಪೆಗಳು ಜೋಡಿ. ಹುರುಪೆಗಳ ಮೇಲೆ ನಡುವೆ ಎದ್ದುನಿಂತ ಏಣಿದ್ದು ಸಾಲುಗಳು ಮೂವತ್ತರ ಆಸುಪಾಸಿನಲ್ಲಿದ್ದರೆ, ತಲೆಯ ಮೇಲೆ ದೊಡ್ಡ ಫಲಕಗಳಿಗೆ ಬದಲಾಗಿ ಸಣ್ಣ ಹುರುಪೆಗಳೇ ತುಂಬಿದ್ದರೆ ಅದು ಕೊಳಕುಮಂಡಲದ್ದು. ಏಣಿಲ್ಲದ, ನುಣುಪಾದ, ಓರೆಯಾಗಿ ಜೋಡಿಸಿದ ಹುರುಪೆಗಳು ನಾಗರದವು. ಕೇರೆಯಲ್ಲಿ ಬೆನ್ನಿನ ಮೇಲಣ ಕೆಲವು ಸಾಲುಗಳಲ್ಲಿ ಏಣು ಕಾಣಿಸುವುದು.

ಹಾವನ್ನು ಗುರುತಿಸುವ ವಿದ್ಯೆಗೆ ಹೊರಗಿನ ಜಗತ್ತಿನಲ್ಲಿ ದೊರೆತಿರುವ ಮಹತ್ವವು ಕಡಿತದ ಭೀಕರತೆಯಿಂದ ಬಂದುದು. 2000ದಿಂದ 2019ರ ವರೆಗಿನ ಅವಧಿಯಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನರು, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಮೃತರಾದರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜುಮಾಡಿದೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಉಪೇಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರಕಾರವು 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡಬೇಕಾದ ವಿಷಯವೆಂದು ಘೋಷಿಸಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವನ್ನು ಕೊಡುವುದರಿಂದಲೂ, ರಕ್ತವನ್ನು ಗಾಜಿನ ನಳಿಗೆಯಲ್ಲಿ 20 ನಿಮಿಷ ಇಟ್ಟು ಹೆಪ್ಪುಗಟ್ಟುವುದೋ ಇಲ್ಲವೋ ನೋಡುವುದು, ರೆಪ್ಪೆ ಜೋಲುವುದನ್ನು ಗಮನಿಸುವುದು ಮೊದಲಾದ ಲಕ್ಷಣಗಳಿಂದಲೇ ವೈದ್ಯರು ಚಿಕಿತ್ಸೆಯನ್ನು ನಿರ್ಧರಿಸುವುದರಿಂದಲೂ, ಕಚ್ಚಿದ ಹಾವನ್ನು ಕೊಂದು ಚೀಲದಲ್ಲಿ ಒಯ್ಯಬೇಕಾದ ಅವಶ್ಯಕತೆಯಿಲ್ಲ. ಸತ್ತ ಹಾವಿನ ತಲೆಯೂ ಕೆಲಹೊತ್ತಿನ ವರೆಗೆ ಕಚ್ಚಬಲ್ಲುದು. ದೂರದಿಂದ ತೆಗೆದ ಚಿತ್ರವೊಂದಿದ್ದರೆ ಒಳಿತು, ಇಲ್ಲದಿದ್ದರೆ ಅದಕ್ಕಾಗಿ ಕಾಲಹರಣ ಸಲ್ಲದು. ಹಾವಿನ ಕೊರಳು ಹಿಡಿದು ಚಿತ್ರಕ್ಕೆ ನಿಲ್ಲುವ ಇತ್ತೀಚಿನ ಚಪಲವನ್ನಂತೂ ಈ ವಿದ್ಯೆಯ ಭಾಗವೆಂದು ಎಣಿಸಲಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ದೃಷ್ಟಿಯಲ್ಲಿ ಅದು ಅಪರಾಧವೂ ಹೌದು.

ಅಂಗಳದಲ್ಲಿ ಹಾವು ಕಂಡಾಗ ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದು, ಹತ್ತು ಮಾರು ದೂರದಲ್ಲಿ ನಿಂತು, ಅದು ಹೋಗುವ ದಿಕ್ಕನ್ನು ನೋಡುತ್ತಿದ್ದರೆ ಹೆಚ್ಚಿನ ಹಾವುಗಳು ತಾವಾಗಿಯೇ ಬೇಲಿ ದಾಟುವುವು. ಮನೆಯೊಳಗೇ ಸೇರಿಕೊಂಡುದಾದರೆ ಆ ಕೋಣೆಯ ಬಾಗಿಲನ್ನು ಮುಚ್ಚಿ ಸಂದಿಗೆ ಬಟ್ಟೆ ತುರುಕಿ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು. ಕಚ್ಚಿದ್ದೇ ಆದರೆ ಉಂಗುರ ಬಳೆಗಳನ್ನು ತೆಗೆದು, ಗಾಯವನ್ನು ಕೊಯ್ಯದೆ, ಹೀರದೆ, ಬಿಗಿಯಾಗಿ ಕಟ್ಟದೆ, ಕೈಕಾಲನ್ನು ಅಲುಗಿಸದಂತೆ ಇರಿಸಿ, ನಾಟಿಮದ್ದಿನವರ ಮನೆಯ ದಾರಿಯನ್ನು ಹಿಡಿಯದೆ, 108ಕ್ಕೆ ಕರೆಮಾಡಿ ರೋಗಿಯನ್ನು ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಬೇಕು. ಕಚ್ಚಿದ ಹಾವು ಯಾವುದೆಂಬ ವಿಚಾರವನ್ನು ಆ ದಾರಿಯಲ್ಲಿ ಮಾಡಿದರೂ ಸಾಕು.